ಊಟ ಆದ ಮೇಲೆ

ಜೂನ್ ೨೧, ೧೯೯೮, ಭಾನುವಾರ

ಈ ಡೈರಿ ಬ್ಯಾಂಕಿನೋರು ಜನವರಿನಾಗೆ ಕೊಟ್ಟಿದ್ದು. ಇಷ್ಟು ದಿನ ಅಲಮಾರದಾಗೆ ದೂಳು ತಿಂತಾ ಬಿದ್ದಿತ್ತು. ಇವತ್ತು ತೆಗೆದಿದ್ದು ಮಗಳು ವಾಣಿ ಕಾಟಕ್ಕೆ. ಹೆರಿಗೆಗೆ ಅಂತ ಹರಿಹರದಿಂದ ಬಂದು ಇನ್ನೂ ಬ್ಯಾಗು ಕೆಳಗಿಟ್ಟಿಲ್ಲ, ಆಗ್ಲೇ ನಂಗೆ ಬುದ್ಧಿ ಹೇಳಾಕೆ ನಿಂತಳು. ಬಿ.ಪಿ. ಇರೋರು ಒದರಬಾರದಂತೆ. ಸಿಟ್ಟು ಬಂದ್ರೆ ಬಾಯಿ ಮುಚ್ಕೊಂಡು ಕಾಗದದ ಮೇಲೆ ಬರೀಬೇಕಂತೆ. "ಊಟ ಬಲ್ಲವನಿಗೆ ರೋಗ ಇಲ್ಲ, ಮಾತು ಬಲ್ಲವನಿಗೆ ಜಗಳ ಇಲ್ಲ ಅಪ್ಪಾಜಿ" ಅಂದ್ಲು. ಮಂಡಿಪೇಟೆನಾಗೆ ಇಷ್ಟು ವರ್ಷ ಗೋಣಿಚೀಲ ಮಾರಿದೋನು ನಾನು. ಒದರದೆ ಇದ್ದಿದ್ರೆ ಒಂದು ಚೀಲನೂ ಹೋಗ್ತಿರಲಿಲ್ಲ. ಊಟ ಬಲ್ಲೆ, ಮಾತು ಬ್ಯಾಡ ಬಿಡವ್ವ ಅಂದೆ. ಆದ್ರೂ ದಿನ ತುಂಬಿದ ಮಗಳು, ಮಾತು ಮೀರಬಾರದು ಅಂತ ಬರೀತಾ ಅದೀನಿ.

ಇವತ್ತಿನ ಸಿಟ್ಟು ಇವಳ ಮೇಲೆ. ಇವಳು ಅಂದ್ರೆ ನಮ್ಮನೆಯವಳು. ಮೊಣಕಾಲು ನೋವಂತೆ. ಕುಂತ್ರೆ ಒಂದು ಶಿವನೇ, ಎದ್ರೆ ಒಂದು ಶಿವನೇ. ಬೆಳಿಗ್ಗೆ ಲಿಂಗಪೂಜೆಗೆ ಕುಂತೋಳು ಏಳಾಕೆ ಆಗದೆ ಗೋಡೆ ಹಿಡ್ಕೊಂಡು ನಿಂತಿದ್ಲು. ನನ್ನ ರೊಟ್ಟಿ ತಡ ಆತು. ನೋವಿದ್ರೆ ಔಷಧಿ ತಗೋಬೇಕು, ಗೋಡೆ ಹಿಡ್ಕೊಂಡ್ರೆ ವಾಸಿ ಆಗುತ್ತಾ ಅಂತ ರೇಗಿದೆ. ನಾಳೆ ಬಾಣಂತನ ಮಾಡೋಳು ಇವಳೇ, ಈಗ್ಲೇ ಹಿಂಗಾದ್ರೆ ಹೆಂಗೆ? ಇವಳು ಕುಂತ್ರೆ ಈ ಮನೆ ಕುಂತಂಗೆ.

ಕೊನಿಗೆ ನಾನೇ ಚಪ್ಪಲಿ ಹಾಕ್ಕೊಂಡು ಹೋದೆ. ನಮ್ಮ ನಿಜಲಿಂಗಪ್ಪ ಬಡಾವಣೆ ಮೂಲೆನಾಗೆ ಚಾಂದ್ ಪಾಷಾನ ಮೆಡಿಕಲ್ ಐತೆ. ಮೊಣಕಾಲು ನೋವಿಗೆ ಒಂದು ಶೀಟು ಗುಳಿಗೆ ಕೊಡಪಾ ಅಂದೆ. ಅವನು ಕೊಡೋಕೆ ಮೊದ್ಲು ವಕೀಲನಂಗೆ ಪ್ರಶ್ನೆ ಹಾಕಿದ. ಅಮ್ಮಾರಿಗೆ ಹೊಟ್ಟೆ ಹುಣ್ಣು ಇತ್ತಾ, ಬೇರೆ ಏನಾರ ಔಷಧಿ ನಡೀತೈತಾ. ಏನಿಲ್ಲ ಅಂದೆ. ಕೆಂಪು ಗುಳಿಗೆ ಕೊಟ್ಟು, "ಊಟ ಆದ ಮೇಲೆ ಕೊಡ್ರಿ ಯಜಮಾನ್ರೆ. ಮೂರ್ನಾಕು ದಿನ ನೋಡ್ರಿ, ಕಮ್ಮಿ ಆಗ್ಲಿಲ್ಲ ಅಂದ್ರೆ ಡಾಕ್ಟ್ರಿಗೆ ತೋರಿಸ್ರಿ" ಅಂದ. ಗುಳಿಗೆ ಮಾರೋನೇ ಗುಳಿಗೆ ಬ್ಯಾಡ ಅಂದ್ರೆ ಅಂಗಡಿ ನಡೆದಂಗೆ. ಮನೆಗೆ ಬಂದು ಇವಳ ಕೈಗೆ ಕೊಟ್ಟೆ. ಊಟ ಆದ ಮೇಲೆ ಅಂತ ಎರಡು ಸಲ ಹೇಳಿದೀನಿ.

ಜೂನ್ ೨೫, ಗುರುವಾರ

ಗುಳಿಗೆ ಅಂದ್ರೆ ಇದು. ಇವಳು ಮಾಳಿಗೆ ಮೆಟ್ಲು ಹತ್ತಿ ಹಪ್ಪಳ ಒಣಗಾಕಿ ಬಂದ್ಲು! ಕೂಸು ಹುಟ್ಟೋಕೆ ಮೊದ್ಲೇ ಕುಲಾವಿ ಅಂದಂಗೆ ಹಳೇ ಸೀರೆ ಹರಿದು ತೊಟ್ಟಿಲ ಬಟ್ಟೆನೂ ಮಾಡಿಟ್ಟಾಳೆ. ನಾಲ್ಕು ದಿನ ಮುಗೀತು, ನಿಲ್ಲಿಸಬೇಕಾ ಅಂತ ಕೇಳಿದ್ಲು. ಒಳ್ಳೇದಾಗ್ತಾ ಐತೆ ಅಂದ್ಮೇಲೆ ಯಾಕ ನಿಲ್ಲಿಸ್ತೀಯ ಅಂದೆ. ಪಾಷಾ ಇಲ್ಲದಾಗ ಅವನ ಅಂಗಡಿ ಹುಡುಗನ ಹತ್ರ ಇನ್ನೂ ಐದು ಶೀಟು ತಂದಿಟ್ಟೆ. ಮಂಡಿಪೇಟೆನಾಗೆ ಪಕ್ಕದಂಗಡಿ ಲಿಂಗಣ್ಣಗೂ ಹೇಳಿದೆ, ಅವನ ಸೊಂಟಕ್ಕೂ ಒಂದು ಶೀಟು ಒಯ್ಯಲಿ ಅಂತ.

ಮಧ್ಯಾಹ್ನ ನನ್ನ ಊಟ ಆದ ಕೂಡ್ಲೆ ಇವಳು ನೀರಿನ ಚಂಬು, ನನ್ನ ಬಿ.ಪಿ. ಗುಳಿಗೆ ತರ್ತಾಳೆ. ನಾನು ನುಂಗಿದ ಮೇಲೆ ಅದೇ ಚಂಬಿನ ನೀರು ಎತ್ತಿ ಹಾಕ್ಕೊಂಡು ತನ್ನ ಕೆಂಪು ಗುಳಿಗೆನೂ ನುಂಗ್ತಾಳೆ. ಹಿಂಗೆ ಜೊತೆಗೆ ನುಂಗಿದ್ರೆ ಮರೆಯಂಗಿಲ್ಲ ನೋಡ್ರಿ ಅಂತಾಳೆ. ರಾತ್ರಿನೂ ಹಂಗೇ. ನಂಗೂ ಚೆಂದ ಅನ್ನಿಸ್ತು, ಜೋಡಿ ಎತ್ತು ನೀರು ಕುಡಿದಂಗೆ. ಆಮೇಲೆ ನಾನು ಒಂದು ನಿದ್ದೆ ತೆಗೆದು ಎದ್ದಾಗ ಅಡುಗೆಮನೆನಾಗೆ ಇನ್ನೂ ತಟ್ಟೆ ಸಪ್ಪಳ. ಇವಳ ಊಟ ಮೊದ್ಲಿಂದನೂ ಹಂಗೇ, ಎಲ್ಲಾರದೂ ಮುಗಿದ ಮೇಲೆ.

ಜುಲೈ ೫, ಭಾನುವಾರ

ಹರಿಹರದಿಂದ ಬೀಗ್ತಿ ಸರ್ವಮಂಗಳಮ್ಮ ಬಂದಿದ್ರು, ಜೊತೆಗೆ ಅಳಿಯಂದ್ರು ಬಕ್ಕೇಶ್. ಸೊಸೆ ನೋಡಾಕೆ ಬಂದೋರು ಸೊಸೆಗಿಂತ ಹೆಚ್ಚಿಗೆ ನಮ್ಮನೆಯವಳ ಕಾಲು ನೋಡಿದ್ರು. ಅವ್ರಿಗೂ ಮೊಣಕಾಲು ನೋವಂತೆ. ಅಲ್ಲಿ ಯಾರೋ ಬರೆದುಕೊಟ್ಟ ಬಿಳಿ ಗುಳಿಗೆ ನುಂಗಿದ್ರೆ ಹೊಳೆ ದಂಡಿ ತನಕ ನಡ್ಕೊಂಡು ಹೋಗಿ ಹರಿಹರೇಶ್ವರನಿಗೆ ಕೈ ಮುಗಿದು ಬರ್ತಾರಂತೆ. ಪರ್ಸಿನಿಂದ ಪೂರಾ ಶೀಟು ತೆಗೆದು ಇವಳ ಕೈಗೆ ಹಾಕಿದ್ರು. ಬಾಣಂತನ ಮಾಡೋ ಜೀವ ನಿಮ್ಮದು, ನಂಗಿಂತ ನಿಮಗೆ ಬೇಕು ಅಂದ್ರು. ಪಾಪ, ಒಳ್ಳೆ ಮನಸಿನಿಂದ್ಲೇ ಕೊಟ್ರು.

ಅವ್ರು ಹೋದ ಮೇಲೆ ನಾನು ಇವಳಿಗೆ ಕೇಳಿದೆ, ಒಂದಿದ್ದ ಮೇಲೆ ಇನ್ನೊಂದು ಯಾಕ ಅಂತ. ಬೀಗ್ತೇರು ಕೈಯಾರೆ ಕೊಟ್ಟಿದ್ದು ನುಂಗಿಲ್ಲ ಅಂತ ಗೊತ್ತಾದ್ರೆ ಮಾತು ಮಗಳ ಮೇಲೆ ಬರುತ್ತೆ ಅಂದ್ಲು. ಅದೂ ಖರೇನೇ. ವಾಣಿ ಅಲ್ಲಿ ಬಾಳ್ವೆ ಮಾಡಬೇಕು. ಅದಕ್ಕೆ ಇವಳೇ ಒಂದು ಲೆಕ್ಕ ಹಾಕ್ಕೊಂಡಾಳೆ. ಬೆಳಿಗ್ಗೆ ಹರಿಹರದ ಗುಳಿಗೆ, ಮಧ್ಯಾಹ್ನ ರಾತ್ರಿ ದಾವಣಗೆರೆ ಗುಳಿಗೆ. ಬೆಳಿಗ್ಗೆದು ಪೂಜೆಗೆ ಕೂರೋಕೆ ಮೊದ್ಲೇ ನುಂಗಿದ್ರೆ ಮಂಡಿ ಮಡಚಾಕೆ ಬರುತ್ತಂತೆ. ಲಿಂಗಪೂಜೆ ಆಗದೆ ಇವಳು ಬಾಯಿಗೆ ಹನಿ ಚಾನೂ ಹಾಕೋಳಲ್ಲ. ಗುಳಿಗೆ ನಡೆಯುತ್ತಾ ಅಂದೆ. ಗುಳಿಗೆ ಏನು ಊಟನಾ ಅಂತ ನನ್ನನ್ನೇ ಕೇಳಿದ್ಲು. ಬೆಣ್ಣೆದೋಸೆ ದಾವಣಗೆರೆದು, ಗುಳಿಗೆ ಹರಿಹರದ್ದು, ನಿನ್ನಷ್ಟು ಅದೃಷ್ಟವಂತರು ಯಾರದಾರೆ ಅಂತ ಛೇಡಿಸಿದೆ. ನಕ್ಕಳು.

ಜುಲೈ ೧೪, ಮಂಗಳವಾರ

ಹೆಣ್ಣು ಕೂಸು! ತಾಯಿ ಮಗು ಇಬ್ರೂ ಚೆನ್ನಾಗದಾರೆ. ನಾನು ಆಸ್ಪತ್ರೆ ಮುಂದೆ ಸಿಕ್ಕಸಿಕ್ಕೋರಿಗೆಲ್ಲ ಪೇಡೆ ಹಂಚಿದೆ. ಕೂಸಿನ ಮೂಗು ಥೇಟ್ ನಮ್ಮವ್ವನ ಮೂಗು. ಇವಳು ಹೆರಿಗೆ ಕೋಣೆ ಹೊರಗೆ ನಿಂತೇ ಇದ್ಲು, ಕೂರಲಿಲ್ಲ. ಆ ಗುಳಿಗೆ ಇರ್ಲಿಲ್ಲ ಅಂದ್ರೆ ಏನು ಗತಿ ಆಗ್ತಿತ್ತೋ.

ಜುಲೈ ೧೯, ಭಾನುವಾರ

ಚಾಂದ್ ಪಾಷಾನ ಜೊತೆ ಜಗಳ ಆತು. ಇನ್ನೊಂದು ಶೀಟು ಕೊಡು ಅಂದ್ರೆ ಕೊಡ್ಲಿಲ್ಲ. ಅಮ್ಮಾರು ಇನ್ನೂ ನುಂಗ್ತಾ ಅದಾರೇನ್ರಿ ಅಂತ ಕೇಳಿದ. ಹೌದು ಅಂದೆ. "ಇದು ಮಂಡಕ್ಕಿ ಅಲ್ಲ ರೀ ಯಜಮಾನ್ರೆ, ತಿಂಗಳಗಟ್ಲೆ ಒಯ್ಯಾಕೆ. ಒಂದ್ಸಲ ಡಾಕ್ಟ್ರಿಗೆ ತೋರಿಸ್ರಿ, ಅವ್ರು ಬರೆದುಕೊಟ್ರೆ ನಾನೇ ಮನೆಗೆ ಕಳಿಸ್ತೀನಿ" ಅಂದ. ಅಂಗಡಿ ಮುಂದೆ ನಾಲ್ಕು ಜನ ನಿಂತಿದ್ರು. ಅವರೆದುರಿಗೆ ನನ್ನ ಹೆಂಡ್ತಿ ಆರೋಗ್ಯ ನೀನು ಕಲಿಸ್ತೀಯಾ ಅಂತ ಏರಿಸಿ ಮಾತಾಡಿ ಬಂದೆ. ಮಂಡಿಪೇಟೆ ಹತ್ರ ಇನ್ನೊಂದು ಮೆಡಿಕಲ್ ಐತೆ. ಅಲ್ಲಿ ಬಣ್ಣ ಹೇಳಿದ್ರೆ ಸಾಕು, ತುಟಿ ಪಿಟಕ್ ಅನ್ನದೆ ಕೊಡ್ತಾರೆ. ವ್ಯಾಪಾರ ಅಂದ್ರೆ ಹಂಗಿರಬೇಕು. ಹರಿಹರದ್ದೂ ಮುಗಿದಿತ್ತು, ಖಾಲಿ ಶೀಟು ತೋರಿಸಿ ಅದನ್ನೂ ತಂದೆ.

ಬಾಣಂತನ ಅಂದ್ರೆ ಇಷ್ಟು ಕೆಲಸ ಇರುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ. ಪಕ್ಕದ ಓಣಿ ಕೊಟ್ರವ್ವ ಬಂದು ಕೂಸಿಗೆ ಎರೆದು ಹೋಗ್ತಾಳೆ. ಮಿಕ್ಕಿದ್ದೆಲ್ಲ ಇವಳದೇ. ಹಂಡೆ ನೀರು, ಕೆಂಡದ ಒಲೆ, ಸಾಂಬ್ರಾಣಿ ಹೊಗೆ, ಬಾಣಂತಿಗೆ ಬಿಸಿ ರೊಟ್ಟಿ, ಮೆಣಸಿನ ಸಾರು. ನಡುವೆ ನನ್ನ ಊಟ. ನಾನೂ ಏನಾರ ಮಾಡ್ಲೇನು ಅಂತ ಅಡುಗೆಮನೆ ತನಕ ಹೋಗಿದ್ದೆ. ದಾರಿಗಡ್ಡ ನಿಲ್ಲಬ್ಯಾಡ್ರಿ ಅಂದ್ಲು.

ಜುಲೈ ೨೮, ಮಂಗಳವಾರ, ಪಂಚಮಿ

ಮನೆ ತುಂಬ ಎಳ್ಳುಂಡಿ, ಶೇಂಗಾ ಉಂಡಿ ವಾಸನೆ. ಕೂಸಿನ ಮೊದಲ್ನೇ ಪಂಚಮಿ. ಇವಳು ಮಾಡಿದ್ದೇ ಮಾಡಿದ್ದು, ತಾನು ಒಂದು ಚೂರು ಮುರಿದು ಬಾಯಿಗೆ ಹಾಕ್ಕೊಂಡು ಬಿಟ್ಟಳು. ಎದೆ ಉರಿ, ಹೊಟ್ಟೆನಾಗೆ ಯಾರೋ ಕೊಳ್ಳಿ ಆಡಿಸಿದಂಗೆ ಆಗುತ್ತೆ ಅಂದ್ಲು. ಗ್ಯಾಸ್ ಇರಬೇಕು. ಈ ಊರಾಗೆ ಗ್ಯಾಸ್ ಇಲ್ಲದೋರು ಯಾರದಾರೆ? ಬೆಳಿಗ್ಗೆ ಎದ್ರೆ ಮಿರ್ಚಿ, ಸಂಜಿ ಆದ್ರೆ ಮಿರ್ಚಿ. ಸೋಡಾ ತಂದುಕೊಟ್ಟೆ, ಜೀರಿಗೆ ಕಷಾಯ ಮಾಡ್ಕೊಂಡು ಕುಡಿ ಅಂದೆ. ಕುಡಿದ್ಲು.

ಕೊಟ್ರವ್ವ ಇವಳ ಹತ್ರ ಏನೋ ಗುಸುಗುಸು ಮಾತಾಡ್ತಿದ್ಲು. ನಾನು ಹೋದ ಕೂಡ್ಲೆ ಇಬ್ರೂ ಸುಮ್ಮನಾದ್ರು. ಎಳ್ಳು ತಿಂದ್ರೆ ಕರ್ರಗೇ ಹೋಗುತ್ತೆ ಬಿಡ್ರಿ ಅಂತ ಕೊಟ್ರವ್ವ ಅಂದಿದ್ದು ಕಿವಿಗೆ ಬಿತ್ತು. ಹೆಂಗಸರ ಮಾತು, ನಂಗ್ಯಾಕ.

ಜುಲೈ ೩೧, ಶುಕ್ರವಾರ

ಒದರಿದೆ. ಬರೆದು ಇಳಿಸ್ಕೊಳ್ಳೋಣ ಅಂದ್ರೆ ಒದರಿ ಆದ ಮೇಲೆ ಬರೆದು ಏನುಪಯೋಗ.

ಮಂಡಿಪೇಟೆಯಿಂದ ಹಸಿದು ಬಂದಿದ್ದೆ. ಸಾರಿಗೆ ಉಪ್ಪಿಲ್ಲ, ಅನ್ನ ಮುದ್ದೆ ಆಗಿತ್ತು. ತಟ್ಟೆ ನೂಕಿದೆ. ಅಲ್ಲಿ ಬಾಣಂತಿ ಮಲಗಿರೋದೂ ನೆನಪಿಲ್ದೆ ಕೂಗಾಡಿದೆ. ಇವಳು ಅಡುಗೆಮನೆ ಹೊಸ್ತಿಲ ಮೇಲೆ ಹಂಗೇ ಕುಂತ್ಕೊಂಡ್ಲು. ಮುಖ ಸುಣ್ಣ ಬಳಿದಂಗೆ ಬೆಳ್ಳಗೆ. ಶ್ರಾವಣ ಬಂತು, ಒಪ್ಪತ್ತು ಜಾಸ್ತಿ ಆಗೈತೆ, ಅದಕ್ಕೇ ಹಿಂಗೆ ಅನ್ಕೊಂಡೆ. ಆಮೇಲೆ ಎದ್ದು ಬಂದು ಚಂಬು, ಗುಳಿಗೆ ಕೊಟ್ಲು. ತಾನೂ ನುಂಗಿದ್ಲು.

ಆಗಸ್ಟ್ ೩, ಸೋಮವಾರ

ಆಸ್ಪತ್ರೆ. ಬೆಂಚಿನ ಮೇಲೆ ಕುಂತು ಬರೀತಾ ಅದೀನಿ. ಡೈರಿ ಯಾಕ ಹಿಡ್ಕೊಂಡು ಬಂದೆನೋ ಗೊತ್ತಿಲ್ಲ. ಹಣದ ಚೀಲ ತಗೊಳ್ಳಾಕೆ ಹೋಗಿ ಇದನ್ನ ಎತ್ಕೊಂಡೀನಿ.

ಶ್ರಾವಣ ಸೋಮವಾರ, ಇವಳು ಉಪವಾಸ. ಪೂಜೆಗೆ ಕುಂತಿದ್ಲು. ಧಪ್ ಅಂತ ಸಪ್ಪಳ ಆತು. ಹೋಗಿ ನೋಡಿದ್ರೆ ಪೂಜೆ ಮಣೆ ಪಕ್ಕಕ್ಕೆ ಬಿದ್ದಿದ್ಲು. ವಾಂತಿ ಆಗಿತ್ತು, ಕರ್ರಗೆ, ಕಾಫಿ ಡಿಕಾಕ್ಷನ್ ಚೆಲ್ಲಿದಂಗೆ. ಅಷ್ಟರಾಗೂ ಲಿಂಗ ಕೈನಾಗೆ ಭದ್ರ ಹಿಡ್ಕೊಂಡಿದ್ಲು. ಆಟೋ ಸಿಗಲಿಲ್ಲ. ಚಾಂದ್ ಪಾಷಾ ಅಂಗಡಿ ಬಿಟ್ಟು ಓಡಿಬಂದು ತನ್ನ ವ್ಯಾನಿನಾಗೆ ಮಲಗಿಸ್ಕೊಂಡು ಬಂದ. ಜಗಳದ ವಿಷಯ ಅವನು ಎತ್ತಲಿಲ್ಲ.

ನರ್ಸು ಹೆಸರು ಕೇಳಿದ್ಲು. ನಮ್ಮನೆಯವಳು ಅಂದೆ. ಹೆಸರು ಹೇಳ್ರಿ ಅಂತ ಮತ್ತೆ ಕೇಳಿದ್ಲು. ಉಮಾಮಹೇಶ್ವರಿ ಅಂದೆ. ಬಾಯಿನಾಗೆ ಆ ಹೆಸರು ಹೊಸದಿದ್ದಂಗಿತ್ತು.

ಆಗಸ್ಟ್ ೪, ಮಂಗಳವಾರ

ಹೊಟ್ಟೆನಾಗೆ ಹುಣ್ಣು. ಹುಣ್ಣಿನಿಂದ ರಕ್ತ ಸೋರ್ತಾ ಐತಂತೆ. ಎಷ್ಟೋ ದಿನದಿಂದ ಸೋರ್ತಿತ್ತಂತೆ.

ನೋಡ್ತಿರೋ ಡಾಕ್ಟರು ರಶ್ಮಿತಾ ಅಂತ, ನಮ್ಮ ವಾಣಿಗಿಂತ ಸ್ವಲ್ಪ ದೊಡ್ಡೋಳಿರಬೇಕು. ಬೆಳಿಗ್ಗೆ ನನ್ನನ್ನ ಕೂರಿಸ್ಕೊಂಡು ಏನೇನು ಔಷಧಿ ತಗೊಳ್ತಿದ್ರು ಅಂತ ಕೇಳಿದ್ರು. ಏನೂ ಇಲ್ಲ ರೀ, ಬಿ.ಪಿ. ಇಲ್ಲ, ಶುಗರ್ ಇಲ್ಲ, ಗಟ್ಟಿ ಆಳು ಅಂದೆ. ನೋವಿಗೆ ಗೀವಿಗೆ ಏನಾರ? ನೋವಿನ ಗುಳಿಗೆ ಅಷ್ಟೆ ಅಂದೆ. ಆಯಮ್ಮ ಬರೆಯೋದು ನಿಲ್ಲಿಸಿದ್ರು. ಅದು ಔಷಧಿ ಅಲ್ಲೇನ್ರಿ ಅಂದ್ರು.

ಮನೆಗೆ ಹೋಗಿ ಎರಡೂ ಶೀಟು ತಂದು ತೋರಿಸಿದೆ. ಇದು ಹರಿಹರದ್ದು, ಇದು ದಾವಣಗೆರೆದು ಅಂತ ವಿವರ್ಸಿದೆ. ಬಣ್ಣ ಬೇರೆ, ಹೆಸರು ಬೇರೆ, ಜಾತಿ ಒಂದೇ ಅಂದ್ರು. ಎರಡೂ ಹೊಟ್ಟೆ ಒಳಗಿನ ಪೊರೆ ಸುಡೋವೇ ಅಂತೆ. ಎರಡು ನುಂಗಿದ್ರೆ ನೋವು ಎರಡು ಪಟ್ಟು ಹೋಗಲ್ಲ, ಹೊಟ್ಟೆಗೆ ಮಾತ್ರ ಎರಡು ಪಟ್ಟು ಪೆಟ್ಟು. ನಾಲ್ಕು ದಿನದ್ದನ್ನ ಆರು ವಾರ ನುಂಗಿದಾರೆ, ವಯಸ್ಸೂ ಆಗೈತೆ. ಕೊಟ್ರವ್ವ ಎಳ್ಳು ಅಂದಿದ್ದನ್ನೂ ಹೇಳಿದೆ. ಮಲ ಕರ್ರಗೆ ಹೋಗ್ತಿದ್ದಿದ್ದೂ ರಕ್ತನೇ, ಎಳ್ಳಲ್ಲ ಅಂದ್ರು. ಎದೆ ಉರಿ ಅಂದಾಗ್ಲೇ ಗುಳಿಗೆ ನಿಲ್ಲಿಸಿ ಕರ್ಕೊಂಡು ಬರಬೇಕಿತ್ತಂತೆ. ನಾನು ಸೋಡಾ ಕುಡಿಸಿದ್ದೆ.

ಊಟ ಆದ ಮೇಲೆ ತಗೊಳ್ತಿದ್ರಾ ಅಂತ ಕೇಳಿದ್ರು. ಅಲ್ಲಿ ನಂಗೆ ಧೈರ್ಯ ಬಂತು. ಬೆಳಿಗ್ಗೆದು ಪೂಜೆಗೆ ಮೊದ್ಲು ನುಂಗ್ತಿದ್ಲು, ಅದೊಂದು ತಪ್ಪಾತು. ಉಳಿದಿದ್ದೆಲ್ಲ ಊಟ ಆದ ಮೇಲೇನೇ, ನನ್ನ ಕಣ್ಣೆದುರಿಗೇ, ನಾನು ಉಂಡು ಏಳ್ತಿದ್ದಂಗೆ ಅಂದೆ.

"ನಿಮ್ಮ ಊಟ ಸರಿ. ಅವರ ಊಟ?" ಅಂದ್ರು.

ನಂಗೆ ಮೊದ್ಲು ಆ ಪ್ರಶ್ನೆನೇ ತಿಳೀಲಿಲ್ಲ. ತಿಳಿದ ಮೇಲೆ ಉತ್ತರ ಗೊತ್ತಿರ್ಲಿಲ್ಲ. ಇವಳು ಎಷ್ಟೊತ್ತಿಗೆ ಉಣ್ತಾಳೆ ಅಂತ ಮೂವತ್ತು ವರ್ಷದಾಗೆ ನಾನು ನೋಡಿಲ್ಲ. ತಟ್ಟೆ ಸಪ್ಪಳ ಕೇಳೀನಿ ಅಷ್ಟೆ.

ರಕ್ತ ಬೇಕು ಅಂದ್ರು. ನಂದು ತಗೋರಿ ಅಂತ ತೋಳು ಮಡಚಿದೆ. ವಯಸ್ಸಾಗೈತೆ, ಬಿ.ಪಿ. ಐತೆ, ಬ್ಯಾಡ್ರಿ ಅಂದ್ರು. ಬಕ್ಕೇಶ್ ಹರಿಹರದಿಂದ ಬಂದು ಕೊಟ್ರು. ಚಾಂದ್ ಪಾಷಾ ಕೊಟ್ಟ. ನಾನು ತೋಳು ಇಳಿಸ್ಕೊಂಡು ಬಂದು ಬೆಂಚಿನ ಮೇಲೆ ಕುಂತೆ.

ಆಗಸ್ಟ್ ೫, ಬುಧವಾರ

ಮನೆಗೆ ಹೋಗಿದ್ದೆ. ವಾಣಿ ಕೂಸಿನ ಪಕ್ಕ ಕುಂತು ಅಳ್ತಾ ಇದ್ಲು. ಎದೆ ಹಾಲು ಕಮ್ಮಿ ಆಗೈತಂತೆ. ಅವಳಿಗೆ ಏನಾರ ಬೇಯಿಸಿ ಕೊಡೋಣ ಅಂತ ಅಡುಗೆಮನೆಗೆ ಹೋದೆ. ಅಕ್ಕಿ ಡಬ್ಬಿ ಸಿಕ್ತು, ಉಪ್ಪಿನ ಮರಿಗೆ ಸಿಗಲಿಲ್ಲ. ಸ್ಟೋವಿಗೆ ಗಾಳಿ ಹಾಕಾಕೆ ಬರಲಿಲ್ಲ. ಇಂಥ ದೊಡ್ಡ ಬಾಯಿ ಇಟ್ಕೊಂಡು ಏನು ಸುಖ, ಒಂದು ಗಂಜಿ ಕಾಯಿಸಾಕೆ ಬರ್ಲಿಲ್ಲ ನಂಗೆ. ಕೊಟ್ರವ್ವ ಬಂದು ಮಾಡಿಕೊಟ್ಲು. ಎಳ್ಳಿನ ಮಾತು ಅಂದೆ ಯಜಮಾನ್ರೆ, ನಂಗೇನು ಗೊತ್ತಿತ್ತು ಅಂತ ಸೆರಗು ಬಾಯಿಗೆ ಇಟ್ಕೊಂಡು ಅತ್ತಳು. ನಂಗೂ ಗೊತ್ತಿರ್ಲಿಲ್ಲ ಬಿಡವ್ವ ಅಂದೆ.

ವಾಣಿ ಕೇಳಿದ್ಲು, ಅವ್ವಗೆ ವಾಸಿ ಆಗುತ್ತಾ ಅಪ್ಪಾಜಿ ಅಂತ. ಆಗುತ್ತೆ ಅಂದೆ. ಅದನ್ನ ಹೇಳಾಕೆ ನಾನು ಯಾರು?

ಆಗಸ್ಟ್ ೬, ಗುರುವಾರ

ಇವತ್ತು ಮಾತಾಡಿದ್ಲು. ಮೂಗಿನಾಗೆ ನಳಿಗೆ ಐತೆ, ದನಿ ಬಾವಿ ತಳದಿಂದ ಬಂದಂಗಿತ್ತು. ಕೂಸಿಗೆ ಎರೆದ್ರಾ, ವಾಣಿ ಉಂಡ್ಲಾ, ಹಾಲಿನೋನಿಗೆ ಎಷ್ಟು ಹೇಳಿದ್ರಿ, ಇದೇ ವಿಚಾರ್ಣೆ. ಎಲ್ಲದಕ್ಕೂ ಹೂಂ ಅಂದೆ. ಬಾಯಿಗೆ ಏನೂ ಹಾಕಬಾರದು ಅಂತ ಡಾಕ್ಟರು ಕಟ್ಟುನಿಟ್ಟು ಮಾಡಿದಾರೆ. ಒಂದು ಗುಟುಕು ಮಜ್ಜಿಗೆ ಕೊಡ್ರಿ ಅಂದ್ಲು. ಕೊಡಂಗಿಲ್ಲ ಅಂದೆ. ಒದ್ದೆ ಬಟ್ಟೆನಾಗೆ ತುಟಿ ಒರೆಸಿದೆ. ಇಷ್ಟು ವರ್ಷದಾಗೆ ಅವಳು ಕೇಳಿದ್ದೇ ಕಮ್ಮಿ, ಕೇಳಿದ ದಿನ ನಂಗೆ ಕೊಡೋ ಹಂಗಿಲ್ಲ.

ಕೇಳಬಾರದು ಅನ್ಕೊಂಡಿದ್ದೆ, ಕೇಳಿಬಿಟ್ಟೆ. ಊಟ ಆದ ಮೇಲೆ ನುಂಗು ಅಂತ ಎರಡು ಸಲ ಹೇಳಿದ್ದೆನಲ್ಲ ಉಮಾ.

"ಊಟ ಆದ ಮೇಲೇನೇ ನುಂಗ್ತಿದ್ದೆನಲ್ರಿ," ಅಂದ್ಲು. "ನಿಮ್ಮದು ಆಗ್ತಿದ್ದಂಗೆ."

ಅವಳಿಗೆ ನಾನು ಬೈತೀನಿ ಅನ್ನಿಸಿರಬೇಕು. ಮನೆನಾಗೆ ಊಟ ಆತು ಅಂದ್ರೆ ನಿಮ್ಮದು ಆತು ಅಂತ ತಾನೇ, ನಾನು ಹಂಗೇ ತಿಳ್ಕೊಂಡೆ ಅಂತ ಮೆಲ್ಲಗೆ ಹೇಳಿದ್ಲು. ತಪ್ಪು ಮಾಡಿದ ಹುಡುಗಿ ಹೇಳಿದಂಗೆ ಹೇಳಿದ್ಲು. ನಂಗೆ ಅಲ್ಲಿ ಕೂರಾಕೆ ಆಗ್ಲಿಲ್ಲ, ಏಳಾಕೂ ಆಗ್ಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಕಣ್ಣು ತೆರೆದು ನನ್ನನ್ನ ಕೇಳಿದ್ಲು, ನಿಮ್ಮದು ಊಟ ಆತಾ ಅಂತ. ಆತು ಅಂದೆ. ಆಗಿರ್ಲಿಲ್ಲ.

ಹೊರಗೆ ಬಂದು ರಶ್ಮಿತಾ ಡಾಕ್ಟರಿಗೆ ಅಡ್ಡ ನಿಂತೆ. ಉಂಡು ನುಂಗಿದ್ರೆ ಹಿಂಗಾಗ್ತಿರಲಿಲ್ಲ ಅಲ್ವೇನ್ರಿ ಅಂತ ಕೇಳಿದೆ. ಹೌದು ಅಂದ್ರೆ ಸಾಕಿತ್ತು, ನನ್ನನ್ನೇ ನಾನು ಬೈಕೊಂಡು ಇರ್ತಿದ್ದೆ. ಇಲ್ಲ ಅಂದಿದ್ರೂ ಸಾಕಿತ್ತು. ಆಯಮ್ಮ ಹಂಗಂತ ಹೇಳಾಕೆ ಬರಲ್ಲ ಯಜಮಾನ್ರೆ ಅಂದ್ರು. ಎರಡು ಗುಳಿಗೆ, ಇಷ್ಟು ದಿನ, ಉಂಡಿದ್ರೂ ಆಗಬಹುದಿತ್ತು ಅಂದ್ರು. ಯಾವುದನ್ನ ಹಿಡ್ಕೊಳ್ಳಲಿ ನಾನು.

ಆಗಸ್ಟ್ ೮, ಶನಿವಾರ

ಸಂಜಿ ಮತ್ತೆ ವಾಂತಿ. ಈ ಸಲ ಕೆಂಪು. ಆಪರೇಷನ್ ಅಂತ ಒಳಗೆ ಒಯ್ದಿದಾರೆ. ಗಾಲಿ ಮಂಚದ ಜೊತೆ ಓಡಿದೆ, ಬಾಗಿಲ ಹತ್ರ ನಿಲ್ಲಿಸಿದ್ರು. ಏನಾರ ಮಾಡ್ಲೇನ್ರಿ ಅಂತ ಕೇಳಿದೆ. ಕೂಡ್ರಿ ಅಂದ್ರು.

ಕುಂತೀನಿ.

ಆಗಸ್ಟ್ ೯, ಭಾನುವಾರ

ಉಮಾ ಹೋದ್ಲು.

ಆಗಸ್ಟ್ ೧೩, ಗುರುವಾರ

ಬೀಗ್ತಿ ಸರ್ವಮಂಗಳಮ್ಮ ಇನ್ನೂ ಇಲ್ಲೇ ಅದಾರೆ. ಬಾಣಂತನ ಈಗ ಅವ್ರೇ ಮಾಡ್ತಾ ಅದಾರೆ. ಇವತ್ತು ಹಂಡೆ ಹತ್ರ ಕುಂಟ್ತಾ ಹೋಗೋದು ನೋಡಿದೆ. ಆಮೇಲೆ ಸೆರಗಿನ ಗಂಟಿನಿಂದ ಏನೋ ತೆಗೆದು ಬಾಯಿಗೆ ಹಾಕ್ಕೊಳ್ಳಾಕೆ ಹೋದ್ರು. ಬಿಳಿ ಗುಳಿಗೆ.

ಅವ್ರಿಗೆ ಹುಣ್ಣು ಅಂತ ಗೊತ್ತು, ಯಾತರಿಂದ ಅಂತ ಯಾರೂ ಹೇಳಿಲ್ಲ. ಹೇಳಿದ್ರೆ ಈ ಹೆಂಗಸು ಬದುಕಿರೋ ತನಕ ಅದನ್ನ ಹೊತ್ಕೊಂಡು ಓಡಾಡಬೇಕು. ಹೇಳದೆ ಇದ್ರೆ ಇವ್ರೂ ಅದೇ ದಾರಿ. ಹೋಗಿ ಎದುರಿಗೆ ನಿಂತೆ. ಬೀಗ್ತೇರೆ, ಉಂಡ್ರಾ ಅಂದೆ. 'ಇನ್ನೂ ಇಲ್ಲ ರೀ, ಬಾಣಂತಿದು ಆಗಲಿ' ಅಂದ್ರು. ಆ ಗುಳಿಗೆ ಇಲ್ಲಿ ಕೊಡ್ರಿ ಅಂತ ಕೈ ಚಾಚಿದೆ. ದಿನಾ ನುಂಗೋದಲ್ಲ ಅಂತೆ, ಹೊಟ್ಟೆ ಕೆಡುತ್ತೆ ಅಂತ ಡಾಕ್ಟರು ಹೇಳಿದಾರೆ, ಸಂಜಿಗೆ ಅವರ ಹತ್ರಾನೇ ಕರ್ಕೊಂಡು ಹೋಗ್ತೀನಿ, ನೀವು ಮೊದ್ಲು ಉಣ್ರಿ ಅಂದೆ. ಅವ್ರು ನನ್ನ ಮುಖ ನೋಡಿದ್ರು. ಆಮೇಲೆ ಗುಳಿಗೆ ನನ್ನ ಅಂಗೈನಾಗೆ ಇಟ್ಟು ಅಲ್ಲೇ ಕಲ್ಲಿನ ಮೇಲೆ ಕುಂತು ಅತ್ರು. ತಿಳೀತೋ ಇಲ್ವೋ ಗೊತ್ತಾಗ್ಲಿಲ್ಲ. ನಾನು ಒಳಗೆ ಹೋಗಿ ಅವ್ರಿಗೆ ತಟ್ಟೆ ಹಾಕಿ ತಂದೆ. ರೊಟ್ಟಿ ಹರಿದಿತ್ತು, ಪಲ್ಯ ಚೆಲ್ಲಿತ್ತು. ಮಂಡಿಪೇಟೆಗೆ ಹೋಗ್ಲಿಲ್ಲ.

ಆಗಸ್ಟ್ ೧೯, ಬುಧವಾರ

ಹನ್ನೊಂದನೇ ದಿನದ ಕಾರ್ಯ. ಶಿವಗಣಾರಾಧನೆಗೆ ಬೆಳಿಗ್ಗೆಯಿಂದ ಒಲೆ ಹತ್ತಿತ್ತು. ವಾಣಿ ಬಂದು ಕೇಳಿದ್ಲು, ಎಡೆ ಇಡಬೇಕಲ್ಲ ಅಪ್ಪಾಜಿ, ಅವ್ವಗೆ ಯಾವುದು ಇಷ್ಟ ಇತ್ತು ಅಂತ. ನಾನು ಯೋಚನೆ ಮಾಡಿದೆ. ನಂಗೆ ಹೆಸರುಕಾಳು ಪಲ್ಯ ಇಷ್ಟ, ವಾಣಿಗೆ ಕರ್ಚಿಕಾಯಿ. ಉಮಾಗೆ? ಮಿಕ್ಕಿದ್ದು ಉಣ್ತಿದ್ಲು. ಕೊಟ್ರವ್ವನಿಗೆ ಕೇಳಿದ್ವಿ, ಅವಳಿಗೂ ಗೊತ್ತಿಲ್ಲ. ಬೀಗ್ತೇರಿಗೂ ಗೊತ್ತಿಲ್ಲ. ಕೊನಿಗೆ ಎಲ್ಲಾನೂ ಸ್ವಲ್ಪ ಸ್ವಲ್ಪ ಇಡು, ಬೇಕಾದ್ದು ಉಣ್ಣಲಿ ಅಂದೆ.

ಅಯ್ನೋರು ಮಂತ್ರ ಹೇಳಿ, ಫೋಟೋ ಮುಂದೆ ಬಾಳೆಎಲೆ ಹಾಕಿಸಿ, ಎಡೆ ಇಡಿಸಿದ್ರು. ಹೋಳಿಗೆ, ತುಪ್ಪ, ಪಲ್ಯ, ಕೋಸಂಬರಿ, ಅನ್ನ, ಬಟ್ಟಲು ತುಂಬ ಮಜ್ಜಿಗೆ. ಹಬೆ ಏಳ್ತಿತ್ತು. ಆಮೇಲೆ ಎಲ್ಲಾರೂ ಹೊರಗೆ ಬರ್ರಿ, ಬಾಗ್ಲು ಮುಂದೆ ಮಾಡ್ರಿ ಅಂದ್ರು. ತಾಯಿದು ಊಟ ಆಗಲಿ, ಅಲ್ಲಿ ತನಕ ಯಾರೂ ಉಣ್ಣಂಗಿಲ್ಲ ಅಂದ್ರು.

ನಾನೇ ಬಾಗ್ಲು ಎಳ್ಕೊಂಡೆ. ಪಡಸಾಲೆ ತುಂಬ ಬೀಗರು, ಬಿಜ್ಜರು, ಮಂಡಿಪೇಟೆ ಜನ. ಎಲ್ಲಾರೂ ಕಾಯ್ತಾ ಕುಂತಿದ್ರು. ನನ್ನ ಊಟದ ಹೊತ್ತು ಮೀರಿತ್ತು. ಬಕ್ಕೇಶ್ ಹತ್ರ ಬಂದು, ಮಾವಾರೆ, ನಿಮ್ಮ ಬಿ.ಪಿ. ಗುಳಿಗೆ ಟೈಮಾತು, ಅಡುಗೆಮನೆಗೆ ಬರ್ರಿ, ಎರಡು ತುತ್ತು ಹಾಕ್ಕೊಂಡುಬಿಡ್ರಿ, ಯಾರೂ ಏನೂ ಅನ್ನಲ್ಲ ಅಂದ್ರು.

ಬ್ಯಾಡ್ರಿ ಅಂದೆ. ಒಳಗೆ ಆಕೆದು ಇನ್ನೂ ಆಗಿಲ್ಲ.

ಹಸಿವಾಗಿತ್ತು. ಬಾಗ್ಲ ಮುಂದೆ ನಿಂತೇ ಇದ್ದೆ.